ಫ್ರೀವೀಲ್ ಇಲ್ಲದ ಸೈಕಲ್ಲು

ಗದಗಿನಲ್ಲಿ ನಾನು ಸೈಕಲ್ ಕಲಿತದ್ದು ತಾಸಿನ ಬಾಡಿಗೆಯ ಸೈಕಲ್ಲಿನ ಮೇಲೆ. ಮೊದಲು ಒಳಪೆಡಲು, ಆಮೇಲೆ ಡಂಡಿಯ ಮೇಲೆ, ಕಡೆಗೆ ಸೀಟು. ಆಗಿನ ಸುಖಗಳಲ್ಲೆಲ್ಲ ದೊಡ್ಡ ಸುಖವೆಂದರೆ ಇಳಿಜಾರು ಬಂದಾಗ ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂಡುವುದು. ಹಿಂದಿನ ಚಕ್ರದಿಂದ ಟಿಕಟಿಕಟಿಕ ಎಂದು ಒಂದು ಸದ್ದು ಬರುತ್ತಿತ್ತು. ಆ ಸದ್ದು ಮಾಡುವುದು ಫ್ರೀವೀಲ್ ಎಂಬ ಸಣ್ಣ ಸಾಮಾನು ಎಂದು ನಮಗೆಲ್ಲ ಗೊತ್ತಿತ್ತು, ಯಾಕೆಂದರೆ ಅದು ಆಗಾಗ ಕೆಡುತ್ತಿತ್ತು. ಅದೇನೂ ಇಲ್ಲದ ಸೈಕಲ್ಲನ್ನು ಜನ ಬೇಕೆಂದೇ ಮಾಡಿಸಿಕೊಂಡು ಓಡಿಸುತ್ತಾರೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

2006ರಲ್ಲಿ ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೆ. ಅಲ್ಲಿ ಬೇಸಿಗೆಯ ಶನಿವಾರಗಳಲ್ಲಿ ಜನ ಮನೆಯ ಹಳೆಯ ಸಾಮಾನನ್ನು ಗ್ಯಾರೇಜಿನ ಮುಂದೆ ಹರಡಿ ಮಾರುತ್ತಾರೆ. ಹಾಗೊಂದು ಮನೆಯ ಮುಂದೆ 20 ಡಾಲರಿಗೆ ಜಪಾನಿನಲ್ಲಿ ತಯಾರಾದ ಹಳೆಯ ರೋಡ್ ಬೈಕು ಸಿಕ್ಕಿತು. ಬಾಗಿದ ಹ್ಯಾಂಡಲು, ಉಕ್ಕಿನ ತೆಳು ಕೊಳವೆಗಳ ಫ್ರೇಮು, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಐದು. ಒಟ್ಟು ಹತ್ತು ಗೇರು. ಗೇರುಗಳು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ, ಫ್ರೇಮು ಮಾತ್ರ ಗಟ್ಟಿಯಾಗಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ನೋಡಿದವನೇ, ‘ಇದನ್ನು ಫಿಕ್ಸೆಡ್ ಮಾಡಿಬಿಡು’ ಎಂದ. ಗೇರು, ಕೇಬಲ್ಲು, ಫ್ರೀವೀಲು ಎಲ್ಲ ಕಿತ್ತು ಹಾಕಿ, ಹಿಂದಿನ ಚಕ್ರಕ್ಕೆ ಒಂದೇ ಒಂದು ಹಲ್ಲುಚಕ್ರವನ್ನು ಭದ್ರವಾಗಿ ಕೂರಿಸುವುದು. ಚಕ್ರ ತಿರುಗಿದರೆ ಪೆಡಲು ತಿರುಗಬೇಕು, ಪೆಡಲು ನಿಂತರೆ ಚಕ್ರ ನಿಲ್ಲಬೇಕು. ನಡುವೆ ವಿರಾಮವಿಲ್ಲ.

ಮಾಡಿದೆ. ಮೊದಲ ದಿನ ಎಂದಿನ ಅಭ್ಯಾಸದಂತೆ ಇಳಿಜಾರಿನಲ್ಲಿ ಕಾಲು ನಿಲ್ಲಿಸಲು ಹೋದೆ. ಪೆಡಲು ನನ್ನನ್ನು ಸೀಟಿನಿಂದ ಎತ್ತಿ ಒಗೆಯಿತು. ಬೀಳಲಿಲ್ಲ, ಆದರೆ ಮಂಡಿಗೆ ಬಿದ್ದ ಆ ಜಗ್ಗು ಇನ್ನೂ ನೆನಪಿದೆ. ಈ ವಿಚಿತ್ರ ವಸ್ತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ವಿಚಿತ್ರ ಇದಲ್ಲ, ನಾವು ಓಡಿಸುವ ಸೈಕಲ್ಲು. ಹುಟ್ಟುವಾಗ ಎಲ್ಲ ಸೈಕಲ್ಲುಗಳೂ ಹೀಗೇ ಇದ್ದವು.

1867ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಮಿಶೋ ಎಂಬ ಕಮ್ಮಾರ ಕುಟುಂಬದವರು ಮಾರಲು ತೊಡಗಿದ ಗಾಡಿಯಲ್ಲಿ ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಅಂಟಿಕೊಂಡಿದ್ದವು, ಇಂದಿನ ಮಕ್ಕಳ ಮೂರು ಚಕ್ರದ ಸೈಕಲ್ಲಿನ ಹಾಗೆ. ಒಂದು ಸುತ್ತು ತುಳಿದರೆ ಚಕ್ರ ಒಂದು ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಒಂದೇ ದಾರಿ, ಚಕ್ರವನ್ನೇ ದೊಡ್ಡದು ಮಾಡುವುದು. ಹಾಗೆ ಮಾಡುತ್ತ ಮಾಡುತ್ತ 1870ರ ದಶಕದಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಮರಿಚಕ್ರ ಇರುವ ಪೆನ್ನಿ ಫಾರ್ದಿಂಗ್ ಬಂತು. ಅದರಲ್ಲೂ ಕಾಲಿಗೆ ಬಿಡುವಿರಲಿಲ್ಲ. ಇಳಿಜಾರಿನಲ್ಲಿ ಸವಾರರು ಕಾಲುಗಳನ್ನು ಪೆಡಲಿನಿಂದ ತೆಗೆದು ಹ್ಯಾಂಡಲಿನ ಮೇಲೆ ಹಾಕಿಕೊಂಡು ಜಾರುತ್ತಿದ್ದರು. ಒಂದು ಕಲ್ಲು ಅಡ್ಡ ಬಂದರೆ ತಲೆಕೆಳಗಾಗಿ ಬೀಳುವುದು ಖಚಿತ. ಥಾಮಸ್ ಸ್ಟೀವನ್ಸ್ ಎಂಬಾತ ಅಂಥ 50 ಇಂಚಿನ ಚಕ್ರದ ಮೇಲೆ 1884ರಲ್ಲಿ ಲೋಕ ಸುತ್ತಲು ಹೊರಟು, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ತುಳಿದುಕೊಂಡು ಹೋದ. ದಾರಿಯ ಜನ ಅವನನ್ನು ನೋಡಿ ಏನೆಂದುಕೊಂಡಿರಬಹುದು ಎಂದು ಊಹಿಸುವುದೇ ಒಂದು ಖುಷಿ.

ಆ ಚಕ್ರಗಳ ಕಾಲ ಮುಗಿದು ನೂರಮೂವತ್ತು ವರ್ಷಗಳಾದರೂ ಅವು ಬಿಟ್ಟುಹೋದ ಒಂದು ಅಳತೆ ಉಳಿದಿದೆ. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಗೇರನ್ನು ಇಂದಿಗೂ ಇಂಚಿನಲ್ಲಿ ಹೇಳುತ್ತಾರೆ. ನನ್ನ ಸೈಕಲ್ಲಿಗೆ ಮುಂದೆ 42 ಹಲ್ಲು, ಹಿಂದೆ 16 ಹಲ್ಲು ಇಟ್ಟಿದ್ದೆ. 42ನ್ನು 16ರಿಂದ ಭಾಗಿಸಿ ಚಕ್ರದ ಅಳತೆ 27ರಿಂದ ಗುಣಿಸಿದರೆ ಸುಮಾರು 71. ಎಂದರೆ ನನ್ನದು 71 ಇಂಚಿನ ಪೆನ್ನಿ ಫಾರ್ದಿಂಗಿಗೆ ಸಮ. ಅಷ್ಟು ದೊಡ್ಡ ಚಕ್ರ ನಿಜವಾಗಿ ಇದ್ದರೆ ನನ್ನ ನೆತ್ತಿಗಿಂತ ಎತ್ತರವಿರುತ್ತದೆ, ಅದರ ಪೆಡಲಿಗೆ ಯಾರ ಕಾಲೂ ಮುಟ್ಟುವುದಿಲ್ಲ. ಚೈನು ಮಾಡಿದ ಉಪಕಾರವೇ ಇದು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನಲ್ಲಿ ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಎತ್ತರ, ಹಿಂಚಕ್ರಕ್ಕೆ ಚೈನು. ಬೀಳುವ ಭಯ ಕಡಿಮೆಯಾದ್ದರಿಂದ ಅದಕ್ಕೆ ‘ಸೇಫ್ಟಿ’ ಎಂದೇ ಹೆಸರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ತಂದ. ನಾವಿಂದು ಸೈಕಲ್ಲೆಂದು ಕರೆಯುವುದು ಅಲ್ಲಿಗೆ ಮುಕ್ಕಾಲುಪಾಲು ಸಿದ್ಧವಾಯಿತು.

ಆದರೆ ಫ್ರೀವೀಲ್ ಮಾತ್ರ ತಡವಾಗಿ ಬಂತು. ಉಪಾಯ ಗೊತ್ತಿರಲಿಲ್ಲವೆಂದಲ್ಲ, ಅಮೆರಿಕದ ವ್ಯಾನ್ ಆಂಡೆನ್ ಎಂಬಾತ 1869ರಲ್ಲೇ ಅಂಥದಕ್ಕೊಂದು ಪೇಟೆಂಟ್ ಪಡೆದಿದ್ದ. ಅಡ್ಡಿಯಾದದ್ದು ಬ್ರೇಕು. ಕಾಲಿನಿಂದ ಹಿಂದಕ್ಕೆ ಒತ್ತಿ ವೇಗ ತಗ್ಗಿಸುವುದೇ ಆಗಿನ ಮುಖ್ಯ ಬ್ರೇಕು. ಅದರ ಜೊತೆಗೆ ಮುಂದಿನ ಟಯರಿನ ಮೇಲೆ ಒತ್ತುವ ಚಮಚದಂಥ ಒಂದು ಪಟ್ಟಿ ಕೆಲವದರಲ್ಲಿ ಇರುತ್ತಿತ್ತು. ಫ್ರೀವೀಲ್ ಹಾಕಿದರೆ ಕಾಲಿನ ಬ್ರೇಕು ಹೋಯಿತು. ಹಾಗಾಗಿ ನಂಬಬಹುದಾದ ಬ್ರೇಕು ಬರುವವರೆಗೆ ಫ್ರೀವೀಲ್ ಕಾದಿತು, 1900ರ ಆಸುಪಾಸಿನಲ್ಲಷ್ಟೇ ಎಲ್ಲೆಡೆ ಹರಡಿತು. ಅದಕ್ಕೂ ಮೊದಲಿನ ಸೇಫ್ಟಿ ಸೈಕಲ್ಲುಗಳ ಚಿತ್ರ ನೋಡಿದರೆ ಮುಂದಿನ ಫೋರ್ಕಿನ ಎರಡೂ ಬದಿಗೆ ಗೂಟದಂಥವು ಕಾಣುತ್ತವೆ. ಇಳಿಜಾರಿನಲ್ಲಿ ಪೆಡಲುಗಳು ತಮ್ಮಷ್ಟಕ್ಕೆ ಗರಗರ ತಿರುಗುವಾಗ ಕಾಲು ಇಟ್ಟುಕೊಳ್ಳಲು ಅವು.

ಫ್ರೀವೀಲ್ ಮತ್ತು ಗೇರು ಬಂದ ಮೇಲೆ ಹಳೆಯದು ಸದ್ದಿಲ್ಲದೆ ಹೋಗಬೇಕಿತ್ತು. ಹೋಗಲಿಲ್ಲ. ಫ್ರಾನ್ಸಿನಲ್ಲಿ ಅದೊಂದು ಸಿದ್ಧಾಂತದ ಜಗಳವೇ ಆಯಿತು. ಒಂದು ಕಡೆ ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವಿ. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ 1887ರಿಂದ ಸೈಕಲ್ ಪತ್ರಿಕೆಯೊಂದನ್ನು ನಡೆಸುತ್ತ, ಬೆಟ್ಟ ಹತ್ತುವ ಸಾಮಾನ್ಯ ಮನುಷ್ಯನಿಗೆ ಹಲವು ಗೇರುಗಳು ಬೇಕೇಬೇಕು ಎಂದು ವಾದಿಸಿದ. ಇನ್ನೊಂದು ಕಡೆ ಆನ್ರಿ ದೆಗ್ರಾಂಜ್. 1893ರಲ್ಲಿ ಒಂದು ತಾಸಿನಲ್ಲಿ 35.325 ಕಿಲೋಮೀಟರ್ ತುಳಿದು ದಾಖಲೆ ಬರೆದವನು, ಆಮೇಲೆ ‘ಲೋಟೊ’ ಪತ್ರಿಕೆಯ ಸಂಪಾದಕ, 1903ರಲ್ಲಿ ಟೂರ್ ದ ಫ್ರಾನ್ಸ್ ಶುರು ಮಾಡಿದವನು. ಅವನ ಲೆಕ್ಕದಲ್ಲಿ ಗೇರು ಬದಲಿಸುವುದು ವಯಸ್ಸಾದವರ ಕೆಲಸ. ಸ್ನಾಯುವಿನಿಂದ ಗೆಲ್ಲಬೇಕು, ಯಂತ್ರದಿಂದಲ್ಲ.

ಈ ಜಗಳದ ನನ್ನ ಮೆಚ್ಚಿನ ಪ್ರಸಂಗ 1902ರದು. ವೆಲೋಸಿಯೊನ ಬಳಗದ ಮಾರ್ತ್ ಹೆಸ್ ಎಂಬ ಹೆಂಗಸು ಮೂರು ಗೇರಿನ ಸೈಕಲ್ಲಿನ ಮೇಲೆ, ಎಡ್ವರ್ಡ್ ಫಿಶರ್ ಎಂಬ ಹೆಸರಾಂತ ಓಟಗಾರ ಒಂದೇ ಗೇರಿನ ಸೈಕಲ್ಲಿನ ಮೇಲೆ, ಇಬ್ಬರಿಗೂ ಒಂದೇ ಬೆಟ್ಟದ ದಾರಿ. ಗೆದ್ದವಳು ಮಾರ್ತ್, ಅದೂ ದಾರಿಯಲ್ಲಿ ಒಮ್ಮೆಯೂ ಕಾಲು ನೆಲಕ್ಕೆ ಊರದೆ. ದೆಗ್ರಾಂಜ್‌ಗೆ ಇದರಿಂದ ಮನಸ್ಸು ಬದಲಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ತನಗೆ ಫಿಕ್ಸೆಡ್ ಗೇರೇ ಸಾಕು, ಉಳಿದದ್ದು ಅಜ್ಜ ಅಜ್ಜಿಯರಿಗೆ ಇರಲಿ ಎಂಬ ಧಾಟಿಯಲ್ಲಿ ಬರೆದ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡೀರೇಲರನ್ನು ಟೂರ್‌ನಲ್ಲಿ ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರವರೆಗೆ ಓಟಗಾರರು ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಹಾಕಿಕೊಂಡು, ಬೆಟ್ಟದ ಬುಡಕ್ಕೆ ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಜೋಡಿಸಿ, ಮತ್ತೆ ಹತ್ತುತ್ತಿದ್ದರು. ಮಳೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ. ಯಂತ್ರದ ನೆರವು ಬೇಡವೆಂದು ಠರಾವು ಮಾಡಿದವನು ಹಿಂದೆ ಮೋಟರು ಗಾಡಿಯಲ್ಲಿ ಬರುತ್ತಿದ್ದ ಎನ್ನುವುದನ್ನೂ ಇಲ್ಲಿ ನೆನೆಯಬೇಕು. ಪಾಪ, ವೆಲೋಸಿಯೊ ಆ 1937ನ್ನು ಕಾಣಲಿಲ್ಲ. 1930ರಲ್ಲಿ ಅವನದೇ ಊರಿನಲ್ಲಿ ಟ್ರಾಮ್ ಬಡಿದು ತೀರಿಕೊಂಡ.

ರಸ್ತೆಯಲ್ಲಿ ಸೋತ ಫಿಕ್ಸೆಡ್ ಗೇರು ಓರೆಯಾಗಿ ಕಟ್ಟಿದ ದುಂಡನೆಯ ಓಟದ ಅಂಗಳಗಳಲ್ಲಿ, ವೆಲೊಡ್ರೋಮುಗಳಲ್ಲಿ, ಉಳಿದುಕೊಂಡಿತು. ಅಲ್ಲಿ ಯಾರಿಗೂ ಬ್ರೇಕು ಇಲ್ಲದಿರುವುದೇ ಕ್ಷೇಮ: ಮುಂದಿನವನು ತಟ್ಟನೆ ನಿಂತರೆ ಹಿಂದಿನವನು ಅವನ ಬೆನ್ನ ಮೇಲೆ. 1899ರಲ್ಲಿ ಮಾಂಟ್ರಿಯಲ್ಲಿನಲ್ಲಿ ವಿಶ್ವ ಚಾಂಪಿಯನ್ ಆದ ಕಪ್ಪು ಅಮೆರಿಕನ್ ಓಟಗಾರ ಮೇಜರ್ ಟೇಲರ್ ಇಂಥ ಸೈಕಲ್ಲಿನವನು. ಯುದ್ಧದಲ್ಲಿ ಸುಟ್ಟುಹೋದ ಊರುಗಳನ್ನು ಕಟ್ಟಲು ಹಣ ಬೇಕಾಗಿ ಜಪಾನಿನವರು 1948ರಲ್ಲಿ ಕೊಕುರಾದಲ್ಲಿ ಶುರು ಮಾಡಿದ, ಜನ ಬಾಜಿ ಕಟ್ಟುವ ಕೈರಿನ್ ಓಟವೂ ಇದರ ಮೇಲೆಯೇ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಟ್ರ್ಯಾಕ್ ಓಟಗಳಲ್ಲಿ ಪದಕ ತರುತ್ತಾರಲ್ಲ, ಅವರ ಸೈಕಲ್ಲಿಗೂ ಫ್ರೀವೀಲ್ ಇರುವುದಿಲ್ಲ. ಗದಗಿನಿಂದ ಇಷ್ಟು ಹತ್ತಿರದಲ್ಲಿ ಇದ್ದದ್ದನ್ನು ನಾನು ಕಂಡುಕೊಂಡದ್ದು ಅಮೆರಿಕಕ್ಕೆ ಹೋದ ಮೇಲೆ.

ಅಂಗಳದಿಂದ ಅದನ್ನು ಮತ್ತೆ ಬೀದಿಗೆ ತಂದವರಲ್ಲಿ ನ್ಯೂಯಾರ್ಕಿನ ಟಪಾಲು ಹುಡುಗರು ಮುಖ್ಯರು. ಫ್ಯಾಕ್ಸು, ಇಮೇಲು ಇಲ್ಲದ ಕಾಲದಲ್ಲಿ ಮ್ಯಾನ್‌ಹಟನ್ನಿನ ಕಚೇರಿಗಳ ನಡುವೆ ಕರಾರುಪತ್ರ, ನಕ್ಷೆ, ಜಾಹೀರಾತಿನ ಫಿಲ್ಮುಗಳನ್ನು ಸೈಕಲ್ಲಿನ ಮೇಲೆ ಸಾಗಿಸುತ್ತಿದ್ದವರು. ಅವರಲ್ಲಿ ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರು ಹಲವರಿದ್ದರು. ಟ್ರ್ಯಾಕ್ ಓಟದ ರೂಢಿ ಇದ್ದ ಅವರೇ ಈ ಸೈಕಲ್ಲನ್ನು ಬೀದಿಗೆ ತಂದರೆಂದು ಹೇಳುತ್ತಾರೆ. ಸಂಬಳವಿಲ್ಲ, ಮುಟ್ಟಿಸಿದ ಲಕೋಟೆಗಿಷ್ಟು ಎಂದು ಕೂಲಿ. ಸೈಕಲ್ಲು ಕೆಟ್ಟು ನಿಂತ ದಿನ ಉಪವಾಸ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಡೀರೇಲರನ್ನು ತಿಂದುಹಾಕುತ್ತದೆ. ಕೆಡಲು ಸಾಮಾನೇ ಇಲ್ಲದ, ಕದಿಯಲು ಬಿಡಿಭಾಗವೇ ಇಲ್ಲದ ಸೈಕಲ್ಲು ಅವರಿಗೆ ಒಪ್ಪಿಗೆಯಾದದ್ದು ಸಹಜ. ಅವರಲ್ಲೊಬ್ಬ ನೆಲ್ಸನ್ ವೇಲ್ಸ್, ಲಕೋಟೆ ಹಂಚುತ್ತಿದ್ದವನು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್ ಓಟದ ಬೆಳ್ಳಿ ಗೆದ್ದ. ಊರಿನ ದೊಡ್ಡವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. 1987ರಲ್ಲಿ ಮೇಯರ್ ಎಡ್ ಕಾಕ್ ನಗರದ ನಡುಭಾಗದ ಫಿಫ್ತ್, ಪಾರ್ಕ್, ಮ್ಯಾಡಿಸನ್ ಅವೆನ್ಯೂಗಳಲ್ಲಿ ಹಗಲು ಹೊತ್ತು ಸೈಕಲ್ಲುಗಳನ್ನೇ ನಿಷೇಧಿಸಲು ಹೊರಟ. ಹುಡುಗರು ಕೆಲಸ ಮುಗಿದ ಮೇಲೆ ಗುಂಪುಗೂಡಿ ಅದೇ ಬೀದಿಗಳಲ್ಲಿ ನಿಧಾನವಾಗಿ ತುಳಿಯುತ್ತ ಪ್ರತಿಭಟಿಸಿದರು. ಕಡೆಗೆ ನ್ಯಾಯಾಲಯದಲ್ಲಿ ನಿಷೇಧ ಬಿದ್ದುಹೋಯಿತು.

ಈಗ ನನ್ನ 20 ಡಾಲರಿನ ಫ್ರೇಮಿಗೆ ಬರುತ್ತೇನೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ವಯಸ್ಕರಿಗೆ ಇದ್ದಕ್ಕಿದ್ದಂತೆ ಸೈಕಲ್ ಹುಚ್ಚು ಹಿಡಿಯಿತು. 1973 ಒಂದೇ ವರ್ಷ ಸುಮಾರು 1.5 ಕೋಟಿ ಸೈಕಲ್ಲು ಮಾರಾಟವಾದವು. ಎಲ್ಲರಿಗೂ ಬೇಕಾದದ್ದು ಹತ್ತು ಗೇರಿನ ಓಟದ ಸೈಕಲ್ಲು. ಫ್ರಾನ್ಸು, ಇಂಗ್ಲೆಂಡು, ಜಪಾನುಗಳಿಂದ ಹಡಗು ತುಂಬಿ ಬಂದವು. ಹುಚ್ಚು ಇಳಿದ ಮೇಲೆ ಗ್ಯಾರೇಜು ಸೇರಿದವು. ಮೂವತ್ತು ವರ್ಷ ಕಳೆದು ಅವರ ಮಕ್ಕಳು ಗ್ಯಾರೇಜು ಖಾಲಿ ಮಾಡುವ ಹೊತ್ತಿಗೆ, ಟಪಾಲು ಹುಡುಗರನ್ನು ನೋಡಿ ಆಸೆಪಟ್ಟ, ಆದರೆ ನಿಜವಾದ ಟ್ರ್ಯಾಕ್ ಸೈಕಲ್ಲಿಗೆ ಕಾಸಿಲ್ಲದ ನನ್ನಂಥವರು ಹೊರಗೆ ಕಾದಿದ್ದರು.

ಈ ಹಳೆಯ ಫ್ರೇಮುಗಳು ಒಗ್ಗಿಬಂದದ್ದಕ್ಕೆ ಕಾರಣ ಹಿಂಚಕ್ರದ ಅಚ್ಚು ಕೂರುವ ಸೀಳು. ಅದು ಅಡ್ಡಡ್ಡ ಉದ್ದವಾಗಿರುವುದರಿಂದ ಚಕ್ರವನ್ನು ಹಿಂದಕ್ಕೆಳೆದು ಚೈನನ್ನು ಬಿಗಿ ಮಾಡಬಹುದು. ಡೀರೇಲರ್ ಇದ್ದಾಗ ಸಡಿಲ ಚೈನನ್ನು ಅದರ ಸ್ಪ್ರಿಂಗೇ ಎಳೆದು ಹಿಡಿಯುತ್ತದೆ. ಅದು ಹೋದ ಮೇಲೆ ಬಿಗಿ ಸೀಳಿನಿಂದಲೇ ಬರಬೇಕು. ಮುಂದೆ ಬಂದ ಸೈಕಲ್ಲುಗಳಲ್ಲಿ ಈ ಸೀಳು ಲಂಬವಾಯಿತು, ಅವನ್ನು ಹೀಗೆ ಮಾರ್ಪಡಿಸುವುದು ಕಷ್ಟ. ಇನ್ನೊಂದು ಅನುಕೂಲ, ಹಿಂದೆ ಐದೇ ಹಲ್ಲುಚಕ್ರ ಇದ್ದ ಕಾಲದಲ್ಲಿ ಹಬ್ ಕೂರುವ ಜಾಗದ ಅಗಲ 120 ಮಿಲಿಮೀಟರ್. ಟ್ರ್ಯಾಕ್ ಹಬ್ಬಿನ ಅಗಲವೂ ಅಷ್ಟೇ. ಕಳಚಿದ ಜಾಗಕ್ಕೆ ಇದು ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಹಳೆಯ 27 ಇಂಚಿನ ರಿಮ್ಮಿಗಿಂತ ಹೊಸ ರಿಮ್ಮು ನಾಲ್ಕು ಮಿಲಿಮೀಟರಿನಷ್ಟು ಒಳಗೆ ಬರುವುದರಿಂದ ಬ್ರೇಕಿನ ರಬ್ಬರನ್ನು ಅಷ್ಟು ಕೆಳಗಿಳಿಸಬೇಕು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ಗೆರೆಯಲ್ಲಿರಬೇಕು, ಇಲ್ಲದಿದ್ದರೆ ಚೈನು ಕಳಚುತ್ತದೆ. ಇದನ್ನೆಲ್ಲ ನಮಗೆ ಕಲಿಸಿದವನು ಅದೇ ರಾಜ್ಯದ ವೆಸ್ಟ್ ನ್ಯೂಟನ್ನಿನ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ, ಸಿಕ್ಕಿದ ಜ್ಞಾನವನ್ನೆಲ್ಲ ಅಂತರಜಾಲದಲ್ಲಿ ಪುಕ್ಕಟೆ ಬರೆದಿಟ್ಟ ಶೆಲ್ಡನ್ ಬ್ರೌನ್. ದೊಡ್ಡ ಗಡ್ಡ, ಹೆಲ್ಮೆಟ್ಟಿನ ಮೇಲೆ ಹದ್ದಿನ ಗೊಂಬೆ. 2008ರಲ್ಲಿ ಆತ ತೀರಿಕೊಂಡಾಗ ಎಷ್ಟೋ ದೇಶದ ಜನ ಮನೆಯವರನ್ನು ಕಳೆದುಕೊಂಡವರಂತೆ ಬರೆದುಕೊಂಡರು.

ಒಂದು ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡಿದೆ. ಟ್ರ್ಯಾಕ್ ಹಬ್ಬಿನಲ್ಲಿ ಎರಡು ಥ್ರೆಡ್ಡುಗಳಿರುತ್ತವೆ. ಹಲ್ಲುಚಕ್ರ ಕೂರುವುದು ಎಂದಿನ ಬಲಗಡೆಯ ಥ್ರೆಡ್ಡಿನ ಮೇಲೆ, ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ. ಆದರೆ ನಿಲ್ಲಿಸಲು ಹಿಂದಕ್ಕೆ ಒತ್ತಿದಾಗ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಹೊರಗೊಂದು ಲಾಕ್‌ರಿಂಗ್, ಅದರದು ಉಲ್ಟಾ ಥ್ರೆಡ್ಡು. ಹಲ್ಲುಚಕ್ರ ಬಿಚ್ಚಲು ಹೊರಟಷ್ಟೂ ಲಾಕ್‌ರಿಂಗ್ ಬಿಗಿಯಾಗಿ ಅಡ್ಡ ನಿಲ್ಲುತ್ತದೆ. ಸೈಕಲ್ಲಿನ ಎಡ ಪೆಡಲಿಗೆ ಉಲ್ಟಾ ಥ್ರೆಡ್ಡು ಎಂದು ನಮ್ಮ ಪಂಕ್ಚರ್ ಅಂಗಡಿಯ ಹುಡುಗರಿಗೂ ಗೊತ್ತು, ಇದೂ ಅಂಥದೇ ಜಾಣತನ. ನನ್ನಲ್ಲಿದ್ದದ್ದು ಹಳೆಯ ಫ್ರೀವೀಲ್ ಹಬ್ಬು, ಅದಕ್ಕೆ ಉಲ್ಟಾ ಥ್ರೆಡ್ಡಿಲ್ಲ. ಹೊಸ ಚಕ್ರಕ್ಕೆ ನೂರು ಡಾಲರು ಯಾಕೆಂದು ಅದೇ ಹಬ್ಬಿಗೆ ಹಲ್ಲುಚಕ್ರ ತಿರುಪಿ, ಮೇಲೊಂದು ಮಾಮೂಲಿ ರಿಂಗು ಬಿಗಿದು ಓಡಿಸಿದೆ. ಇಂಥ ಹಬ್ಬಿಗೆ ಅಲ್ಲಿನವರು ಆತ್ಮಹತ್ಯೆಯ ಹಬ್ಬು ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿಯೂ ನಕ್ಕಿದ್ದೆ.

ಮೂರನೇ ವಾರ ಇಳಿಜಾರಿನ ಕೊನೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಕಾಲಿನಿಂದ ಹಿಂದಕ್ಕೆ ಒತ್ತಿದೆ. ‘ಟಕ್’ ಎಂದು ಏನೋ ಬಿಟ್ಟುಕೊಂಡು, ಕಾಲು ಗಾಳಿಯಲ್ಲಿ ತಿರುಗಿದಂತೆ ಹಿಂದಕ್ಕೆ ತಿರುಗಿತು. ವೇಗ ಒಂದಿಷ್ಟೂ ತಗ್ಗಲಿಲ್ಲ. ಎದುರಿಗೆ ಮಗುವಿನ ಗಾಡಿ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸು. ಮುಂದಿನ ಬ್ರೇಕನ್ನು ನಾನು ಕಿತ್ತಿರಲಿಲ್ಲ. ಅದನ್ನೂ ಕಿತ್ತರೆ ಸೈಕಲ್ಲು ಚೆಂದ ಕಾಣುತ್ತದೆ ಎಂದು ಆ ಹುಡುಗ ಎರಡು ಸಲ ಹೇಳಿದ್ದ. ಅವಳಿಂದ ಎರಡು ಮೊಳ ದೂರದಲ್ಲಿ ನಿಂತೆ. ಅವಳು ನನ್ನನ್ನು ನೋಡಲೂ ಇಲ್ಲ, ದಾಟಿ ಹೋದಳು. ನಾನು ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದೆ. ಸರಿಯಾದ ಹಬ್ಬಿಗೆ ಆ ವಾರವೇ ದುಡ್ಡು ಕೊಟ್ಟೆ.

ಬ್ರೇಕಿಲ್ಲದೆ ಓಡಿಸುವವರು ಹಿಂದಿನ ಚಕ್ರವನ್ನು ಕಾಲಿನಿಂದ ಬಿಗಿಹಿಡಿದು ಟಯರನ್ನು ಎಳೆಯುತ್ತ ನಿಲ್ಲುತ್ತಾರೆ. ನೋಡಲು ಸೊಗಸು. ಆದರೆ ನಿಲ್ಲುವ ಹೊತ್ತಿಗೆ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಬ್ರಿಟನ್ನಿನ ನಿಯಮ ಇದನ್ನು ಅರಿತೇ ಬರೆದದ್ದು: ಫಿಕ್ಸೆಡ್ ಗೇರನ್ನು ಹಿಂದಿನ ಬ್ರೇಕೆಂದು ಒಪ್ಪಿಕೊಳ್ಳುತ್ತದೆ, ಮುಂದಿನ ಬ್ರೇಕು ಮಾತ್ರ ಬೇಕೇಬೇಕು. 2016ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಇಂಥ ಸೈಕಲ್ಲಿನ ಮೇಲಿದ್ದ ಹದಿನೆಂಟರ ಹುಡುಗನೊಬ್ಬ ರಸ್ತೆ ದಾಟುತ್ತಿದ್ದ 44 ವರ್ಷದ ಹೆಂಗಸಿಗೆ ಡಿಕ್ಕಿ ಹೊಡೆದ. ಇಬ್ಬರು ಮಕ್ಕಳ ತಾಯಿ ಆಕೆ, ಬದುಕಲಿಲ್ಲ. ಮರುವರ್ಷ ನರಹತ್ಯೆಯ ಆರೋಪದಿಂದ ಅವನು ಬಿಡುಗಡೆಯಾದರೂ, ಬೇಕಾಬಿಟ್ಟಿ ವೇಗದಿಂದ ಗಾಡಿ ಓಡಿಸಿ ಗಾಯ ಮಾಡಿದ ಅಪರಾಧಕ್ಕೆ 18 ತಿಂಗಳ ಶಿಕ್ಷೆಯಾಯಿತು. ಅವನ ಮೇಲೆ ಹೊರಿಸಲು ಸಿಕ್ಕ ಆ ಕಲಮು 1861ರದು, ಕುದುರೆಗಾಡಿಗಳ ಕಾಲದ್ದು. ಮಿಶೋ ಮನೆಯವರ ಪೆಡಲು ಆಗಿನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ. ಆ ಸುದ್ದಿ ಓದಿದ ದಿನ ಮಗುವಿನ ಗಾಡಿ ತಳ್ಳಿಕೊಂಡು ಹೋದವಳ ಬೆನ್ನು ಮತ್ತೆ ಕಣ್ಣ ಮುಂದೆ ಬಂತು.

ಗೇರು ಕಿತ್ತವರೆಲ್ಲ ದೆಗ್ರಾಂಜ್‌ನ ಶಿಷ್ಯರು ಎಂದು ತಮಾಷೆಗೆ ಹೇಳಬಹುದು. ಆದರೆ ಬೆಟ್ಟದ ಬುಡದಲ್ಲಿ ಮಳೆಯಲ್ಲಿ ಚಕ್ರ ತಿರುಗಿಸುತ್ತಿದ್ದವನಿಗೂ, ಲಕೋಟೆಗಿಷ್ಟು ಎಂದು ಕೂಲಿ ಎಣಿಸುತ್ತಿದ್ದವನಿಗೂ ಆಯ್ಕೆ ಇರಲಿಲ್ಲ, ನನಗಿತ್ತು. ಹಾಗೆಂದು ಇದು ಬರೀ ಷೋಕಿ ಎಂದು ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಸರಿಯಾದ ಹಬ್ಬು, ಮುಂದಿನ ಬ್ರೇಕು ಎರಡೂ ಇದ್ದ ಆ ಸೈಕಲ್ಲನ್ನು ಐದು ವರ್ಷ ಓಡಿಸಿದೆ. ಹಿಮ ಕರಗಿದ ರಸ್ತೆಯಲ್ಲಿ ಚಕ್ರ ಎಲ್ಲಿ ಜಾರುತ್ತಿದೆ ಎನ್ನುವುದು ಅಂಗಾಲಿಗೇ ತಿಳಿಯುತ್ತಿತ್ತು. ಇಂಥ ಸಂಗತಿ ಟಿಕಟಿಕ ಎನ್ನುವ ಸೈಕಲ್ಲಿನಲ್ಲಿ ನನಗೆ ಎಂದೂ ಗೊತ್ತಾಗಿರಲಿಲ್ಲ.

ಊರಿಗೆ ಬಂದಾಗ ಬಾಡಿಗೆ ಸೈಕಲ್ ಅಂಗಡಿಯ ಕಾಕಾ ಇನ್ನೂ ಇದ್ದರು, ಬಾಡಿಗೆ ನಿಂತು ರಿಪೇರಿಯಷ್ಟೇ ಉಳಿದಿತ್ತು. ಫೋಟೋ ತೋರಿಸಿ ಎಲ್ಲ ವಿವರಿಸಿದೆ. ಕನ್ನಡಕ ಏರಿಸಿ ಹಿಂದಿನ ಹಬ್ಬನ್ನು ಬಹಳ ಹೊತ್ತು ನೋಡಿದರು.

‘ಫ್ರೀವೀಲ್ ಜಾಮ್ ಆತಂದ್ರ ಮಂದಿ ಬೈಕೋಂತ ನಮ್ಮ ಹತ್ರ ಬರ್ತಾರಪಾ. ಅಲ್ಲೆ ರೊಕ್ಕಾ ಕೊಟ್ಟು ಜಾಮ್ ಮಾಡಿಸ್ಕೊಂತಾರೇನು?’ ಎಂದರು.

‘ಹೌದ್ರಿ ಕಾಕಾ.’

‘ಎಷ್ಟ್ ಕೊಟ್ಟಿ?’

ಹೇಳಿದೆ. ಮರುಮಾತಾಡದೆ ಫೋನು ನನ್ನ ಕೈಗಿತ್ತು, ಕಡ್ಡಿ ಬಿಗಿಯುತ್ತಿದ್ದ ರಿಮ್ಮಿನ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದರು: ‘ಆ ಉಲ್ಟಾ ಥ್ರೆಡ್ಡಿನ ರಿಂಗು, ಅದನ್ನ ಬಿಚ್ಚಾಕ ಪಾನಾ ಬ್ಯಾರೇನ ಇರ್ತೈತೇನ?’